ತೊಟ್ಟಿಲಿಂದ ಹೊಸಿಲವರೆಗೆ

ತುಮಕೂರು ಸೀಮೆಯಲ್ಲಿದ್ದ ನಮ್ಮ ಹಿರಿಯರ ಮನೆಯಲ್ಲಿ ಪಡಸಾಲೆಗೂ ನಡುಮನೆಗೂ ನಡುವೆ ಹಲಸಿನ ಮರದ ಒಂದು ಹೊಸಿಲಿದ್ದಿತು. ಒಂದು ಗೇಣಿಗೆ ತುಸು ಕಡಮೆಯಾದ ಅದರ ಎತ್ತರ, ನಾಲ್ಕು ತಲೆಮಾರಿನವರ ಪಾದಗಳು ತಗುಲಿ ನಡುವೆ ಸವೆದ ಅದರ ಮೈ, ಶುಕ್ರವಾರ ಶುಕ್ರವಾರವೂ ಬಳಿಯುತ್ತಿದ್ದ ಅರಿಸಿನವು ಬಿರುಕುಗಳಲ್ಲಿ ಸೇರಿ ಗಟ್ಟಿಯಾಗಿದ್ದ ಬಗೆ, ಇವೆಲ್ಲವೂ ಇಂದಿಗೂ ನನ್ನ ಕಣ್ಣಿನಲ್ಲಿವೆ. ಮನೆಯಲ್ಲಿ ಹುಟ್ಟಿದ ಕೂಸುಗಳ ಬೆಳವಣಿಗೆಯನ್ನು ಅಳೆಯಲು ನಮ್ಮ ಅಜ್ಜಿಗಿದ್ದ ಅಳತೆಗೋಲೆಂದರೆ ಆ ಹೊಸಿಲು. ಮನೆಯಲ್ಲಿ ತಕ್ಕಡಿ ಇರಲಿಲ್ಲವೆಂದಲ್ಲ. ಬೆಲ್ಲವನ್ನೂ ಹುಣಿಸೆಹಣ್ಣನ್ನೂ ತೂಗುವ ತಕ್ಕಡಿ ಉಗ್ರಾಣದ ತೊಲೆಗೆ ತೂಗುಬಿದ್ದೇ ಇದ್ದಿತು. ಆದರೆ ದೇವರ ಮುಂದೆ ಹರಕೆಯ ತುಲಾಭಾರಕ್ಕಲ್ಲದೆ ಬೇರಾವುದಕ್ಕೂ ಎಳೆಯ ಮಗುವನ್ನು ತೂಗಬಾರದು, ತೂಗಿದರೆ ಕಣ್ಣು ತಾಕೀತು ಎಂಬ ಅಂಜಿಕೆ ಆಕೆಯದು. ಕೂಸು ಯಾರ ಕೈಯ ನೆರವೂ ಇಲ್ಲದೆ, ತನ್ನ ಮೊಣಕಾಲುಗಳ ಬಲದಿಂದಲೇ ಆ ಮರದ ದಿಂಡನ್ನೇರಿ ಆಚೆಗೆ ಇಳಿದ ದಿನ ಹೊಸಿಲಿನ ಮೇಲೆ ತೆಂಗಿನಕಾಯಿ ಒಡೆಯುತ್ತಿದ್ದರು. ಅಂದು ಮನೆಯಲ್ಲಿ ಹೋಳಿಗೆ. ಅದಕ್ಕೆ ಮೊದಲು ಮಗು ಮಗುಚಿಕೊಂಡ ದಿನ ಕಡುಬು, ಆಮೇಲೆ ಹೆಜ್ಜೆಯಿಟ್ಟ ದಿನ ಹೆಜ್ಜೆಗಡುಬು. ಸಂಕ್ರಾಂತಿ ಬಂದಾಗಲಂತೂ, ಎಲಚಿಹಣ್ಣು, ಕಬ್ಬಿನ ಚೂರು, ಕಾಸುಗಳನ್ನು ಬೆರೆಸಿ, ಮಣೆಯ ಮೇಲೆ ಕೂರಿಸಿದ ಮಗುವಿನ ತಲೆಯ ಮೇಲಿಂದ ಎರೆಯುವಾಗ, ಕಳೆದ ಸಂಕ್ರಾಂತಿಗೆ ಇನ್ನೂ ಹುಟ್ಟದೆ ಇದ್ದ ಜೀವವು ಈ ಸಂಕ್ರಾಂತಿಗೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದೆಯೆಂಬುದನ್ನು ಇಡೀ ಕೇರಿಯೇ ಬಂದು ನೋಡುತ್ತಿದ್ದಿತು.

ಶೈಶವದ ಇತಿಹಾಸವನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ಕಷ್ಟವೆಂದರೆ, ಅದು ಬರೆಹಕ್ಕೆ ಇಳಿಯದೆ ಹೋದ ಇತಿಹಾಸವೆಂಬುದು. ರಾಜರ ದಾನಗಳನ್ನು ಕಲ್ಲಿನಲ್ಲಿ ಕೊರೆದರು, ಕಾಳಗಗಳನ್ನು ಕಾವ್ಯಗಳಲ್ಲಿ ಹಾಡಿದರು. ಕೂಸು ಕತ್ತು ನಿಲ್ಲಿಸಿದ್ದನ್ನು ಯಾವ ಶಾಸನವೂ ಹೇಳದು. ಹೇಳುವುದು ಭಾಷೆ. ಹಸುಗೂಸು ಎಂಬಲ್ಲಿಂದ ಮೊದಲ್ಗೊಂಡು, ಮೊಗ ನೋಡಿ ನಗುವುದು, ಕತ್ತು ನಿಲ್ಲುವುದು, ಮಗುಚಿಕೊಳ್ಳುವುದು, ತೆವಳುವುದು, ಅಂಬೆಗಾಲಿಡುವುದು, ಗೋಡೆ ಹಿಡಿಯುವುದು, ದಟ್ಟಡಿಯಿಡುವುದು, ತೊದಲುವುದು ಎಂದು ಒಂದು ವರ್ಷದ ಅವಧಿಗೆ ಇಷ್ಟು ಮಾತುಗಳನ್ನು ಕೂಡಿಸಿಟ್ಟಿರುವ ಜನವು ಆ ವರ್ಷವನ್ನು ಎಷ್ಟು ಸಮೀಪದಿಂದ ನೋಡಿರಬೇಕು! ಅಜ್ಜಿಯಂದಿರು ತಿಂಗಳುಗಳನ್ನು ಎಣಿಸುತ್ತಿರಲಿಲ್ಲ. ಭೀಮನ ಅಮಾವಾಸ್ಯೆಗೆ ಮಗುಚಿಕೊಂಡಿತು, ನವರಾತ್ರಿಗೆ ಕೂತಿತು, ಸಂಕ್ರಾಂತಿಗೆ ಗೋಡೆ ಹಿಡಿಯಿತು ಎಂದು ಹಬ್ಬಗಳ ಗೂಟಕ್ಕೆ ಬೆಳವಣಿಗೆಯನ್ನು ಕಟ್ಟಿಹಾಕುತ್ತಿದ್ದರು. ಒಂದು ಮಗುವಿನ ಲೆಕ್ಕ ಹೀಗೆ ನೆನಪಿನಲ್ಲಿ ಉಳಿದು, ಮುಂದಿನ ಮಗುವಿನ ಲೆಕ್ಕಕ್ಕೆ ಪ್ರಮಾಣವಾಗುತ್ತಿದ್ದಿತು.

ಶಾಸ್ತ್ರಗ್ರಂಥಗಳು ಈ ಮನೆಮಾತಿನಿಂದ ದೂರವಾಗಿದ್ದುವೆಂದು ಭಾವಿಸಬೇಕಾಗಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೆಂಬುದೊಂದು. ಶಿಶುಪೋಷಣೆ ಮತ್ತು ಶಿಶುಚಿಕಿತ್ಸೆಗಳೇ ಅದರ ವಿಷಯ. ಅದರ ಮುಖ್ಯ ಗ್ರಂಥವಾದ ಕಾಶ್ಯಪಸಂಹಿತೆಯು ಬಹುಕಾಲ ಕಣ್ಮರೆಯಾಗಿದ್ದು, ನೇಪಾಳದ ರಾಜಗುರು ಹೇಮರಾಜ ಶರ್ಮರಿಗೆ ದೊರೆತ ಖಂಡಿತ ತಾಳೆಯೋಲೆಯ ಪ್ರತಿಯಿಂದ 1938ರಲ್ಲಿ ಅಚ್ಚಾಗಿ ಹೊರಬಂದಿತು. ಓಲೆಗಳು ಮುರಿದುಹೋಗಿ ಅಲ್ಲಲ್ಲಿ ಮಾತು ನಡುವೆಯೇ ನಿಂತುಹೋಗುವ ಆ ಗ್ರಂಥವನ್ನು ಓದುವಾಗ, ಯಾವುದೋ ಕಾಲದ ಒಬ್ಬ ವೈದ್ಯನು ನೆಲದ ಮೇಲೆ ಕುಳಿತು ಕೂಸನ್ನೇ ದಿಟ್ಟಿಸುತ್ತಿರುವನೋ ಎಂಬಂತೆ ತೋರುತ್ತದೆ. ನಾಲ್ಕನೆಯ ತಿಂಗಳಲ್ಲಿ ಶಿಶುವನ್ನು ಮನೆಯಿಂದ ಹೊರಗೆ ತಂದು ಬೆಳಕು ತೋರಿಸಬೇಕು. ಬಳಿಕ ಸಾರಿಸಿದ ನೆಲದ ಮೇಲೆ ಮೆತ್ತಗೆ ಹಾಸಿ ಕೂರಿಸುವ ಅಭ್ಯಾಸವನ್ನು ಮಾಡಿಸಬೇಕು, ಆದರೆ ಬಹಳ ಹೊತ್ತು ಕೂರಿಸಬಾರದು. ಆರನೆಯ ತಿಂಗಳಲ್ಲಿ ಹಣ್ಣು, ಹಲ್ಲು ಮೂಡಿದ ಬಳಿಕ ಅನ್ನ, ಹೀಗೆ ಸಾಗುತ್ತದೆ ಅದರ ಕ್ರಮ. ಸುಶ್ರುತನು ಬಾಲ್ಯವನ್ನು ಆಹಾರದಿಂದಲೇ ವಿಂಗಡಿಸಿದನು: ಒಂದು ವರ್ಷದವರೆಗೆ ಹಾಲುಣ್ಣುವ ಕ್ಷೀರಪ, ಎರಡು ವರ್ಷದವರೆಗೆ ಹಾಲನ್ನೂ ಅನ್ನವನ್ನೂ ಉಣ್ಣುವ ಕ್ಷೀರಾನ್ನಾದ, ಆಮೇಲೆ ಅನ್ನಾದ. ಎರಡು ವರ್ಷದವರೆಗೆ ಎದೆಹಾಲನ್ನು ಮುಂದುವರಿಸಬೇಕೆಂದು ಇಂದಿನ ವೈದ್ಯರು ಕೊಡುವ ಉಪದೇಶಕ್ಕೂ ಈ ವಿಭಾಗಕ್ಕೂ ಇರುವ ಹೊಂದಿಕೆಯನ್ನು ವಾಚಕರು ತಾವೇ ಕಾಣಬಲ್ಲರು.

ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದುದು ಚರಕನ ಗ್ರಂಥದಲ್ಲಿ ಆಟಿಕೆಗಳನ್ನು ಕುರಿತು ಬರುವ ಮಾತು. ಮಗುವಿನ ಆಟದ ಸಾಮಾನು ಬಣ್ಣಬಣ್ಣವಾಗಿರಬೇಕು, ಸದ್ದು ಮಾಡುವಂತಿರಬೇಕು, ನೋಡಲು ಅಂದವಾಗಿರಬೇಕು, ಭಾರವಾಗಿರಬಾರದು, ಮೊನೆಯಿರಬಾರದು, ಬಾಯೊಳಗೆ ಹೋಗುವಷ್ಟು ಸಣ್ಣದಾಗಿರಬಾರದು, ಪ್ರಾಣಕ್ಕೆ ಎರವಾಗಬಾರದು, ಹೆದರಿಸುವಂತಿರಬಾರದು ಎಂದು ಆತ ಹೇಳುತ್ತಾನೆ. ಶಿಶುವು ಕೈಗೆ ಸಿಕ್ಕುದೆಲ್ಲವನ್ನೂ ಬಾಯಿಗೆ ಒಯ್ಯುತ್ತದೆಂಬುದನ್ನು, ಐದಾರನೆಯ ತಿಂಗಳಲ್ಲಿ ಬಾಯಿಯೇ ಅದರ ಎರಡನೆಯ ಕಣ್ಣೆಂಬುದನ್ನು ಬಲ್ಲವನಲ್ಲದೆ ಬೇರೆಯವನು ಇಷ್ಟು ನಿಖರವಾಗಿ ನಿಬಂಧನೆಗಳನ್ನು ಹಾಕಲಾರನು. ಚನ್ನಪಟ್ಟಣದ ಗಿಲಕಿಯನ್ನು ಅಂಗೈಯಲ್ಲಿಟ್ಟು ನೋಡಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಹಗುರವಾದ ಹಾಲೆಮರವನ್ನು ಕಡೆದು, ತಿರುಗುವ ಮರದ ಮೈಗೆ ಬಣ್ಣ ಬೆರಸಿದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜುವಿಕೆಯ ಕಾವಿನಿಂದಲೇ ಅದು ಕರಗಿ ಹರಡುವಂತೆ ಮಾಡಿ, ಒಣಗಿದ ಎಲೆಯಿಂದ ತೀಡಿ ಹೊಳಪು ಕೊಡುವ ಆ ಕುಶಲಿಗಳು ಚರಕನ ಹೆಸರನ್ನು ಕೇಳಿದವರಲ್ಲದಿರಬಹುದು; ಆದರೆ ಗಿಲಕಿಯ ಹಿಡಿ ಕೂಸಿನ ಮುಷ್ಟಿಗೆ ಎಷ್ಟು ಬೇಕೋ ಅಷ್ಟೇ ದಪ್ಪ, ಗುಂಡು ಅದರ ಬಾಯಿಗೆ ಹಿಡಿಸದಷ್ಟು ದೊಡ್ಡದು, ಅಂಚೆಂಬುದು ಎಲ್ಲಿಯೂ ಇಲ್ಲ.

ಕನ್ನಡದಲ್ಲಿ ಈ ಶಾಸ್ತ್ರವು ಕಾಲಿಟ್ಟ ಬಗೆ ಬೇರೆ. ಸುಮಾರು 1200ರ ಹೊತ್ತಿಗೆ ದೇವೇಂದ್ರಮುನಿಯು ಬಾಲಗ್ರಹಚಿಕಿತ್ಸೆ ಎಂಬ ಗ್ರಂಥವನ್ನು ರಚಿಸಿದನು. ಹೆಸರೇ ಸೂಚಿಸುವಂತೆ ಅಲ್ಲಿಯ ಚಿಂತೆಯೆಲ್ಲ ಮಕ್ಕಳನ್ನು ಹಿಡಿಯುವ ಗ್ರಹಗಳದು. ಇದನ್ನು ಮೂಢತನವೆಂದು ತಳ್ಳಿಹಾಕುವುದು ಸುಲಭ. ಆದರೆ ಬೆಳಗ್ಗೆ ನಕ್ಕ ಕೂಸು ಸಂಜೆಗೆ ಸೆಟೆದುಕೊಂಡು ಇಲ್ಲವಾಗುವುದನ್ನು ಮನೆಮನೆಯಲ್ಲೂ ಕಂಡಿದ್ದ ಕಾಲದಲ್ಲಿ, ಹೆಸರಿಲ್ಲದ ಆ ಶತ್ರುವಿಗೆ ಒಂದು ಹೆಸರನ್ನಾದರೂ ಕೊಡದೆ ತಾಯಂದಿರು ಹೇಗೆ ಬದುಕಬೇಕಾಗಿದ್ದಿತು? ಆ ಭಯದ ಗುರುತುಗಳು ನಮ್ಮ ಆಚಾರಗಳಲ್ಲಿ ಹರಡಿಕೊಂಡಿವೆ. ಹುಟ್ಟಿದ ಐದಾರನೆಯ ರಾತ್ರಿ ಷಷ್ಠೀದೇವಿಯು ಬಂದು ಹಣೆಯಲ್ಲಿ ಆಯುಸ್ಸನ್ನು ಬರೆಯುತ್ತಾಳೆಂದು ನಂಬಿ, ಬಾಣಂತಿಯ ಕೋಣೆಯಲ್ಲಿ ದೀಪ ಆರದಂತೆ ನೋಡಿಕೊಂಡು ಎಚ್ಚರವಿರುತ್ತಿದ್ದುದು. ಹನ್ನೊಂದು ದಿನ ಕಳೆಯುವ ತನಕ ಹೆಸರಿಡದೆ ಇದ್ದುದು. ಕೆನ್ನೆಗೆ ದೃಷ್ಟಿಬೊಟ್ಟು, ನಡುವಿಗೆ ಕರಿಯ ಉಡಿದಾರ. ಇವುಗಳಲ್ಲಿ ನನ್ನನ್ನು ಹೆಚ್ಚು ಕಲಕುವುದು ತಿಪ್ಪಯ್ಯ, ತಿಪ್ಪಮ್ಮ, ಗುಂಡ, ಕಲ್ಲ ಎಂಬ ಹೆಸರುಗಳು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದಾಗ, ಅದನ್ನು ಕ್ಷಣಕಾಲ ತಿಪ್ಪೆಯ ಮೇಲೆ ಮಲಗಿಸಿ, ಅದು ತಮ್ಮದಲ್ಲ, ಯಾರೋ ಎಸೆದುಹೋದದ್ದು ಎಂಬಂತೆ ಎತ್ತಿಕೊಂಡು ಬಂದು, ಮೃತ್ಯುವಿಗೂ ಬೇಡವೆನ್ನಿಸುವಂಥ ಹೆಸರನ್ನು ಇಡುತ್ತಿದ್ದರು. ಆ ಹೆಸರನ್ನು ಹೊತ್ತು ಬದುಕಿ ಮುದುಕರಾದವರನ್ನು ನಾನು ಬಲ್ಲೆ. ಒಂದೊಂದು ತಿಪ್ಪಯ್ಯನ ಹಿಂದೆಯೂ ಹೆಸರು ಉಳಿಯದ ಎರಡು ಮೂರು ಅಣ್ಣಂದಿರಿದ್ದರೆಂಬುದನ್ನು ನೆನೆದರೆ, ನಮ್ಮ ಊರುಗಳ ಮತದಾರರ ಪಟ್ಟಿಯೂ ಒಂದು ಶೋಕಗ್ರಂಥದಂತೆ ಕಾಣುತ್ತದೆ.

ಈ ಭಯದ ನಡುವೆಯೂ, ಅಥವಾ ಈ ಭಯದ ದೆಸೆಯಿಂದಲೇ ಇರಬಹುದು, ತೊಟ್ಟಿಲಿಗೆ ನಮ್ಮವರು ಸುರಿದ ಕಲೆ ಅಸಾಧಾರಣವಾದುದು. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಗುವಾನಿಯ ಹಲಗೆಗಳಿಗೆ ಅರಗಿನ ಬಣ್ಣ ಕೊಟ್ಟು, ಅದರ ಮೇಲೆ ಕೃಷ್ಣನ ಬಾಲಲೀಲೆಯನ್ನೋ ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನೋ ಸಾಲುಸಾಲಾಗಿ ಬರೆದ ಆ ತೊಟ್ಟಿಲುಗಳು ತವರಿನ ಉಡುಗೊರೆಯಾಗಿ ಬಂಡಿಯೇರಿ ಹೊರಟರೆ, ದಾರಿಯ ಊರಿನವರು ನಿಂತು ನೋಡುತ್ತಿದ್ದರಂತೆ. ಬಣ್ಣ ನೂರು ವರ್ಷ ಮಾಸದೆಂಬುದು ಆ ಕಡೆಯವರ ಹೆಮ್ಮೆಯ ಮಾತು. ಬಡಗಣ ಸೀಮೆಯ ಹೆಣ್ಣುಮಕ್ಕಳ ಹಾಡುಗಳಲ್ಲಿ ಈ ಊರಿನ ಹೆಸರು ಮತ್ತೆ ಮತ್ತೆ ಬರುವುದು ಈ ಕಾರಣದಿಂದ. ಬಡವರ ಮನೆಯಲ್ಲಿ ತೊಟ್ಟಿಲೆಂದರೆ ತೊಲೆಗೆ ಕಟ್ಟಿದ ಸೀರೆಯ ಜೋಲಿ. ಹೊಲಗೆಲಸಕ್ಕೆ ಹೋದ ತಾಯಿಗೆ ಹೊಂಗೆಯ ಕೊಂಬೆಯೇ ತೊಲೆ. ಬೀಟೆಯ ತೊಟ್ಟಿಲಾಗಲಿ ಹಳೆಸೀರೆಯ ಜೋಲಿಯಾಗಲಿ, ಅದು ಮಗುವಿಗೆ ಕೊಟ್ಟುದು ಒಂದೇ: ಗರ್ಭದಲ್ಲಿ ತಾಯಿ ನಡೆದಾಡಿದಾಗ ತನಗೆ ಪರಿಚಯವಾಗಿದ್ದ ತೂಗು, ಮತ್ತು ಅದರೊಡನೆ ಒಂದು ದನಿ. ಅರ್ಥವರಿಯದ ಶಿಶುವು ಜೋಗುಳದ ಲಯವನ್ನು ಮೊದಲು ಹಿಡಿಯುತ್ತದೆ, ನಾದವನ್ನು ಆಮೇಲೆ, ಮಾತನ್ನು ಎಲ್ಲಕ್ಕಿಂತ ಕೊನೆಗೆ. ಬಾಲಕೃಷ್ಣನು ಅಂಬೆಗಾಲಿಡುವುದನ್ನು ಹರಿದಾಸರು ಹಾಡುವಾಗ ತಾಯಂದಿರ ಈ ಅನುಭವಸಂಪತ್ತೆಲ್ಲ ಭಕ್ತಿಯ ರೂಪವನ್ನು ತಾಳಿತು. ದೇವರನ್ನು ತೆವಳುವ ಕೂಸಾಗಿ ಕಂಡ ಜನವು ತೆವಳುವ ಕೂಸಿನಲ್ಲಿಯೂ ದೇವರನ್ನು ಕಂಡುದರಲ್ಲಿ ಆಶ್ಚರ್ಯವಿಲ್ಲ.

ಬಾಣಂತನದ ಮನೆಯಲ್ಲಿ ದಿನದ ಮುಖ್ಯ ಘಟ್ಟವೆಂದರೆ ಕೂಸಿಗೆ ನೀರೆರೆಯುವುದು. ನೀರು ಹಾಕುವ ಅಜ್ಜಿ ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ಕಾಲುಗಳನ್ನು ಜೋಡಿಸಿ ನೀಡುವಳು. ಆ ಕಾಲುಗಳ ನಡುವಣ ತಗ್ಗೇ ಕೂಸಿನ ಹಾಸಿಗೆ. ಮೊದಲು ನೆತ್ತಿಯ ಮೆತ್ತನೆಯ ಸುಳಿಗೆ ಹರಳೆಣ್ಣೆಯನ್ನು ತಟ್ಟುವಳು. ಅಲ್ಲಿ ಎಲುಬು ಇನ್ನೂ ಕೂಡಿರುವುದಿಲ್ಲ, ಬೆರಳಿಟ್ಟರೆ ಒಳಗಿನ ಮಿಡಿತ ತಿಳಿಯುತ್ತದೆ. ಅದು ಕೂಡುವುದು ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ. ಬಳಿಕ ಎದೆಯಿಂದ ತೋಳಿನ ಕಡೆಗೆ, ತೊಡೆಯಿಂದ ಹಿಮ್ಮಡಿಯ ಕಡೆಗೆ ನೀವಿ, ಬಲಗೈಯನ್ನೂ ಎಡಗಾಲನ್ನೂ ಹೊಟ್ಟೆಯ ಮೇಲೆ ಕತ್ತರಿಯಂತೆ ಕೂಡಿಸಿ ಬಿಡಿಸಿ, ಮತ್ತೆ ಎಡಗೈ ಬಲಗಾಲು. ನೀರನ್ನು ಚೊಂಬಿನಿಂದ ನೇರವಾಗಿ ಸುರಿಯದೆ ತನ್ನ ಅಂಗೈಯ ಮೇಲೆ ಬೀಳಿಸಿ, ಅಲ್ಲಿ ಕಾವನ್ನು ಪರೀಕ್ಷಿಸಿ ಕೂಸಿನ ಮೈಗೆ ಹರಿಸುವಳು. ಕೊನೆಗೆ ಕೆಂಡದ ಮೇಲೆ ಉದುರಿಸಿದ ಸಾಂಬ್ರಾಣಿಯ ಹೊಗೆ, ಅಜ್ಜನ ಹಳೆಯ ಪಂಚೆಯ ಮೆತ್ತನೆಯ ಸುತ್ತು, ತಲೆಗೆ ಕುಲಾವಿ, ಮೂರು ಗಂಟೆಯ ನಿದ್ದೆ.

ಇದನ್ನು ಬರಿಯ ಸ್ನಾನವೆಂದು ನಾನು ತಿಳಿದಿದ್ದೆ, ನನ್ನ ಚಿಕ್ಕಮ್ಮನ ಮಗಳು ಹುಟ್ಟುವ ತನಕ. ಕೂಸಿಗೆ ಒಂದೂವರೆ ತಿಂಗಳಾಗಿದ್ದಾಗ ಒಂದು ಬೆಳಗ್ಗೆ ಅಜ್ಜಿ ನೀರೆರೆಯುತ್ತಿದ್ದವಳು ತಟ್ಟನೆ ನಿಂತು, ಎರಡು ಮೊಣಕಾಲುಗಳನ್ನೂ ಮಡಿಸಿ ಅಗಲಿಸಿ ನೋಡಿದಳು. ಬೋರಲು ಹಾಕಿ ತೊಡೆಯ ಮಡಿಕೆಗಳನ್ನು ಬೆರಳಿನಿಂದ ಎಣಿಸಿದಳು. "ಈ ಕಾಲು ಆ ಕಾಲಿನಷ್ಟು ಬಿಚ್ಚಿಕೊಳ್ತಾ ಇಲ್ಲ ಕಣಮ್ಮ, ಇಲ್ಲಿ ನೋಡು, ಮಡಿಕೆ ಒಂದು ಜಾಸ್ತಿ" ಎಂದಳು. ಬಾಣಂತಿಗೆ ಏನೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಪಟ್ಟಣದ ವೈದ್ಯರು ಪರೀಕ್ಷಿಸಿ, ತೊಡೆಯೆಲುಬಿನ ತಲೆಯು ಸೊಂಟದ ಕುಣಿಯಲ್ಲಿ ಸರಿಯಾಗಿ ಕೂತಿಲ್ಲವೆಂದೂ, ಈಗಲೇ ತಿಳಿದುದು ಕೂಸಿನ ಭಾಗ್ಯವೆಂದೂ ಹೇಳಿ, ಕಾಲುಗಳನ್ನು ಅಗಲಿಸಿ ಕಟ್ಟು ಹಾಕಿದರು. ಮುಂದೆ ಅವಳು ಹದಿನೈದನೆಯ ತಿಂಗಳಲ್ಲಿ ಹಲಸಿನ ಹೊಸಿಲನ್ನು ದಾಟಿದಳು, ಕುಂಟಲಿಲ್ಲ. ಸೊಂಟದ ಕೀಲಿನ ಈ ದೋಷವನ್ನು ಹುಡುಕಲು ಮಕ್ಕಳ ವೈದ್ಯರು ಇಂದಿಗೂ ಮೊದಲು ನೋಡುವುದು ಕಾಲುಗಳು ಸಮನಾಗಿ ಅಗಲುತ್ತವೆಯೇ, ತೊಡೆಯ ಮಡಿಕೆಗಳು ಸಮವಾಗಿವೆಯೇ ಎಂಬುದನ್ನೇ. ದಿನಕ್ಕೊಮ್ಮೆ, ನೂರಾರು ದಿನ, ಹಲವಾರು ಮಕ್ಕಳ ಮೈಯನ್ನು ಮುಟ್ಟಿದ ಅಂಗೈಗೆ ಬಂದ ವಿದ್ಯೆ ಅದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದ್ದರೆಂದು 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾಡೆಲ್ಲ ಕೊಂಡಾಡಿತು. ಅಕ್ಷರ ಕಲಿಯದ ಆ ಬೆರಳುಗಳು ಓದಿದ್ದನ್ನು ಬರೆದಿಟ್ಟವರಿಲ್ಲವಲ್ಲ ಎಂಬ ಸಂಕಟವು ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡಾಗ ನನ್ನನ್ನು ಬಹಳ ದಿನ ಬಿಡಲಿಲ್ಲ.

ಹೀಗೆಂದಮಾತ್ರಕ್ಕೆ ಹಳೆಯ ಬಾಣಂತನದ ಎಲ್ಲವನ್ನೂ ನಾನು ಸಮರ್ಥಿಸಲಾರೆ. ಸಮರ್ಥಿಸಿದರೆ ಸತ್ಯಕ್ಕೆ ಅಪಚಾರವಾದೀತು. ಹೆತ್ತ ಮೊದಲ ಎರಡು ಮೂರು ದಿನದ ಹಳದಿಯ ಗಿಣ್ಣುಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನನ್ನೋ ಬೆಲ್ಲದ ನೀರನ್ನೋ ಒಳಲೆಯಿಂದ ಹನಿಸುತ್ತಿದ್ದರು. ಎದೆಹಾಲು ಮೂರು ನಾಲ್ಕನೆಯ ದಿನಕ್ಕೆ ಇಳಿಯುವುದೆಂದು ಬಗೆದು ಅಲ್ಲಿಯವರೆಗೆ ಜೇನುತುಪ್ಪಗಳನ್ನು ವಿಧಿಸಿದ ಸುಶ್ರುತನ ಕಾಲದಿಂದಲೂ ಬಂದ ತಪ್ಪು ಇದು. ಕೂಸಿಗೆ ಪ್ರಕೃತಿಯು ಕೊಡುವ ಮೊದಲ ರಕ್ಷೆಯನ್ನೇ ಹೀಗೆ ಸಾವಿರಾರು ವರ್ಷ ಮಣ್ಣುಪಾಲು ಮಾಡಿದೆವು. ಮೂಗಿಗೂ ಕಿವಿಗೂ ಎಣ್ಣೆ ಬಿಡುವುದು, ಕಣ್ಣಿಗೆ ಕಾಡಿಗೆ ತೀಡುವುದು, ಹೊಟ್ಟೆಯುಬ್ಬರಕ್ಕೂ ಕಾಮಾಲೆಗೂ ಎಳೆಯ ಚರ್ಮದ ಮೇಲೆ ಬರೆ ಎಳೆಯುವುದು, ಇವುಗಳಿಂದ ನರಳಿದ ಕೂಸುಗಳಿಗೆ ಮಾತು ಬರುತ್ತಿರಲಿಲ್ಲವಾದ್ದರಿಂದ ಇವು ಇಷ್ಟು ಕಾಲ ಉಳಿದುವು. ಸಾಣೆಕಲ್ಲಿನ ಮೇಲೆ ಹಾಲು ಹನಿಸಿಕೊಂಡು ಬಜೆ ಎರಡು ಸುತ್ತು, ಜಾಯಿಕಾಯಿ ಒಂದು ಸುತ್ತು, ಅಳಲೆಕಾಯಿ ಒಂದು ಸುತ್ತು ಎಂದು ಎಣಿಸಿ ತೇಯ್ದು ನೆಕ್ಕಿಸುವ ಕ್ರಮವು ಮಾತ್ರ ನನ್ನನ್ನು ಇಬ್ಬಂದಿಗೆ ಸಿಕ್ಕಿಸುತ್ತದೆ. ಸುತ್ತನ್ನೇ ಪ್ರಮಾಣವಾಗಿ ಮಾಡಿಕೊಂಡ ಆ ಜಾಣ್ಮೆ, ತಿಂಗಳಿಗೊಂದು ಸುತ್ತು ಏರಿಸುವ ಆ ಸೂಕ್ಷ್ಮ, ಇವುಗಳಿಗೆ ಮನಸ್ಸು ತಲೆಬಾಗುತ್ತದೆ. ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡವೆನ್ನುವ ವೈದ್ಯರ ಮಾತು ಸರಿಯೆಂದು ಬುದ್ಧಿ ಒಪ್ಪುತ್ತದೆ. ನಮ್ಮ ಮನೆಯ ಮಕ್ಕಳ ಮಟ್ಟಿಗೆ ಬುದ್ಧಿಯ ಮಾತನ್ನೇ ನಡೆಸಿದೆವು.

ಆದರೆ ಆರು ತಿಂಗಳ ಬಳಿಕ ಕೊಡುತ್ತಿದ್ದ ರಾಗಿಯ ಸರಿಯ ವಿಷಯದಲ್ಲಿ ಅಜ್ಜಿ ಗೆದ್ದಳು. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳುವಾದ ಬಟ್ಟೆಯಲ್ಲಿ ಸೋಸಿ ತೆಗೆದ ಆ ನಯವಾದ ಹಿಟ್ಟಿಗೆ ನಾಲ್ಕು ದಿನದ ದುಡಿಮೆ ಬೇಕು. ಅಷ್ಟೇಕೆ ಕಷ್ಟಪಡಬೇಕು, ಹಾಗೆಯೇ ಬೀಸಬಾರದೇ ಎಂದು ಕೇಳಿದರೆ, ಮೊಳಕೆ ಕಟ್ಟಿದ್ದು ಹಗುರ, ಕೂಸಿಗೆ ಒಗ್ಗುತ್ತದೆ ಎಂಬಷ್ಟೇ ಉತ್ತರ. ಮೊಳೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಗಂಜಿ ಅಂಟಾಗದೆ ತೆಳುವಾಗಿ ನಿಲ್ಲುತ್ತದೆ. ಆದುದರಿಂದ ಕೂಸಿನ ಸಣ್ಣ ಹೊಟ್ಟೆಯಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣದಂಶವಿದೆ. ಎಲುಬು ಕಟ್ಟುವ ವಯಸ್ಸಿಗೆ ಇದಕ್ಕಿಂತ ತಕ್ಕ ಧಾನ್ಯ ನಮ್ಮ ಒಣಸೀಮೆಯಲ್ಲಿ ಬೇರೊಂದಿಲ್ಲ. ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಎಮ್ಮೆಯ ಹಾಲಿನಿಂದ ಶಿಶುಆಹಾರದ ಪುಡಿಯನ್ನು ಮಾಡುವ ವಿಧಾನವನ್ನು ಕಂಡುಹಿಡಿದು ಕೊಟ್ಟುದು ದೇಶಕ್ಕೆ ಗೊತ್ತಿದೆ. ಅದೇ ಸಂಸ್ಥೆಯವರು ಮೊಳಕೆಯ ರಾಗಿ ಮತ್ತು ಹೆಸರುಕಾಳಿನಿಂದಲೂ ಕೂಸುಗಳ ಊಟವನ್ನು ಸಿದ್ಧಪಡಿಸಿದರೆಂಬುದು ಅಷ್ಟಾಗಿ ಗೊತ್ತಿಲ್ಲ.

ಕೂಸುಗಳು ಉಳಿಯತೊಡಗಿದ ಕಥೆಯು ಬೇರೆಯದೇ ಒಂದು ಗ್ರಂಥವಾಗಬಲ್ಲುದಾದರೂ, ಅದರ ಒಂದು ಪುಟವನ್ನು ಇಲ್ಲಿ ತೆರೆಯದೆ ಮುಂದುವರಿಯಲಾರೆ. ಸಿಡುಬಿನ ದಾಕು ಹಿಂದೂಸ್ಥಾನಕ್ಕೆ ಬಂದುದು ಶೀಶೆಯಲ್ಲಲ್ಲ, ಮಕ್ಕಳ ತೋಳುಗಳಲ್ಲಿ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸವನ್ನು ತೆಗೆದು ಇನ್ನೊಂದು ಮಗುವಿಗೆ, ಅದರಿಂದ ಮತ್ತೊಂದಕ್ಕೆ, ಹೀಗೆ ತೋಳಿನಿಂದ ತೋಳಿಗೆ ಬಾಗ್ದಾದು, ಬಸ್ರಾಗಳ ದಾರಿಯಾಗಿ ಬಂದ ಆ ರಸವು 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳನ್ನು ತಲಪಿತು. ನಮ್ಮ ದೇಶದಲ್ಲಿ ದಾಕು ಹಾಕಿಸಿಕೊಂಡ ಮೊದಲ ಜೀವ ಅದು. ಮೂರು ವರ್ಷಗಳ ಬಳಿಕ, 1805ರಲ್ಲಿ, ತಾಮಸ್ ಹಿಕಿ ಎಂಬ ಚಿತ್ರಕಾರನು ಮೈಸೂರಿನ ಅರಮನೆಯ ಮೂವರು ಸ್ತ್ರೀಯರನ್ನು ಚಿತ್ರಿಸಿದನು. ಅವರಲ್ಲಿ ಒಬ್ಬಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಜಮ್ಮಣ್ಣಿಯೆಂದೂ, ಸೀರೆಯ ಸೆರಗನ್ನು ಸರಿಸಿ ತೋಳಿನತ್ತ ಕೈ ತೋರುವ ಅವಳ ಭಂಗಿಯು ದಾಕಿನ ಪ್ರಚಾರಕ್ಕಾಗಿಯೆಂದೂ ಇತಿಹಾಸಕಾರರು ಗುರುತಿಸಿದ್ದಾರೆ. ಕೆಳವರ್ಗದ ಮಕ್ಕಳ ತೋಳಿನ ರಸವನ್ನು ತಮ್ಮ ಮಕ್ಕಳಿಗೆ ಹಾಕಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅರಮನೆಯ ಹೆಣ್ಣುಮಗಳೊಬ್ಬಳು ತೋಳನ್ನು ತೋರಿಸಿ ನಿಂತುದು ಸಣ್ಣ ಸಂಗತಿಯಲ್ಲ. ಮುಂದೆ 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ತೆರೆದಾಗ ಹೆರಿಗೆಯು ಕತ್ತಲೆಯ ಕೋಣೆಯಿಂದ ಬೆಳಕಿನ ಕೋಣೆಗೆ ಬರತೊಡಗಿತು. ಆದರೂ 1971ರಷ್ಟು ಈಚೆಗೆ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ಮೊದಲ ವರ್ಷವನ್ನು ದಾಟುತ್ತಿರಲಿಲ್ಲ. 2020ರಲ್ಲಿ ಆ ಸಂಖ್ಯೆ 28, ಕರ್ನಾಟಕದಲ್ಲಿ 19. ತಿಪ್ಪಯ್ಯನೆಂಬ ಹೆಸರನ್ನು ಈಗ ಯಾರೂ ಆ ಕಾರಣಕ್ಕೆ ಇಡುತ್ತಿಲ್ಲ.

ತಕ್ಕಡಿಗೆ ಅಂಜುತ್ತಿದ್ದ ನಾಡಿನಲ್ಲಿ ತಕ್ಕಡಿಯು ಊರೂರಿಗೆ ಬಂದುದು 1975ರ ಅಕ್ಟೋಬರ್ 2ರ ಬಳಿಕ. ಅಂದು ಸಮಗ್ರ ಶಿಶುಅಭಿವೃದ್ಧಿ ಯೋಜನೆಯು ದೇಶದ 33 ಕಡೆ ಪ್ರಯೋಗವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ ಸ್ಥಳ ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರ. ಅಲ್ಲಿ 100 ಅಂಗನವಾಡಿಗಳು ತೆರೆದುವು. ಚಾವಣಿಯ ಕೊಕ್ಕೆಗೆ ತೂಗುಹಾಕಿದ ಗಡಿಯಾರದಂಥ ತಕ್ಕಡಿ, ಅದರ ಕೆಳಗೆ ಬಟ್ಟೆಯ ಜೋಲಿ, ಜೋಲಿಯಲ್ಲಿ ಕಿರುಚಾಡುವ ಕೂಸು, ಮುಳ್ಳು ನಿಲ್ಲುವುದನ್ನೇ ಕಾಯುವ ಕಾರ್ಯಕರ್ತೆ: ಆ ದೃಶ್ಯವನ್ನು ನೋಡಿದಾಗ ತೊಟ್ಟಿಲೇ ತಕ್ಕಡಿಯಾಗಿದೆಯಲ್ಲ ಎನ್ನಿಸಿತು ನನಗೆ. ಹುಟ್ಟುವಾಗ ಮೂರು ಕಿಲೋ ಇದ್ದ ಕೂಸು ಐದು ತಿಂಗಳಿಗೆ ಇಮ್ಮಡಿಯಾಗಬೇಕು, ವರ್ಷಕ್ಕೆ ಮುಮ್ಮಡಿಯಾಗಬೇಕು. ಐವತ್ತು ಸೆಂಟಿಮೀಟರಿನ ಉದ್ದ ಎಪ್ಪತ್ತೈದಾಗಬೇಕು. ತಿಂಗಳು ತಿಂಗಳು ಇಟ್ಟ ಚುಕ್ಕಿಗಳನ್ನು ಕೂಡಿಸಿದ ಗೆರೆ ಏರುತ್ತಿದ್ದರೆ ಸರಿ, ಸಮತಟ್ಟಾದರೆ ಎಚ್ಚರಿಕೆ. ತೊಡೆಯ ತುಂಬುಗೆಯನ್ನು ಹಿಡಿದು ನೋಡಿ ಅಜ್ಜಿ ಹೇಳುತ್ತಿದ್ದುದನ್ನೇ ಈ ಗೆರೆಯೂ ಹೇಳುತ್ತದೆ. ಆದರೆ ಅಜ್ಜಿಯ ಕೈ ಮೋಸಹೋಗಬಹುದಾದ ಕಡೆ ಗೆರೆ ಮೋಸಹೋಗುವುದಿಲ್ಲ, ಮತ್ತು ಅಜ್ಜಿಯಿಲ್ಲದ ಮನೆಗೂ ಅದು ದೊರೆಯುತ್ತದೆ.

ಮಕ್ಕಳು ಯಾವಾಗ ಏನು ಮಾಡುತ್ತವೆಂಬುದನ್ನು ಬರೆದಿಡುವ ಹಂಬಲ ಪಶ್ಚಿಮದ ವಿದ್ವಾಂಸರಿಗೂ ತಡವಾಗಿಯೇ ಬಂದಿತು. ಡಾರ್ವಿನ್ನನು 1839ರಲ್ಲಿ ಹುಟ್ಟಿದ ತನ್ನ ಚೊಚ್ಚಲ ಮಗನ ನಗು, ಅಳು, ಸಿಟ್ಟುಗಳನ್ನು ದಿನಚರಿಯಲ್ಲಿ ಬರೆದಿಟ್ಟು, 1877ರಲ್ಲಿ ಅದನ್ನು ಒಂದು ಲೇಖನವಾಗಿ ಪ್ರಕಟಿಸಿದನು. ನಮ್ಮ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳ ಸುಮಾರು 8,500 ಮಕ್ಕಳನ್ನು ಅಳೆದು 2006ರಲ್ಲಿ ಮಾನಗಳನ್ನು ಹೊರತಂದಿತು. ಚೆನ್ನಾಗಿ ಉಂಡು ಆರೋಗ್ಯವಾಗಿರುವ ಕೂಸು ದೆಹಲಿಯಲ್ಲಾಗಲಿ ಓಸ್ಲೋದಲ್ಲಾಗಲಿ ಹೆಚ್ಚುಕಡಮೆ ಒಂದೇ ಬಗೆಯಾಗಿ ಬೆಳೆಯುತ್ತದೆಂಬುದು ಅದರಿಂದ ತಿಳಿಯಿತು. ನಮ್ಮ ಮಕ್ಕಳು ಹುಟ್ಟಿನಿಂದಲೇ ಸಣ್ಣ ಎಂದು ನಾವು ಹೇಳಿಕೊಳ್ಳುತ್ತಿದ್ದ ಸಮಾಧಾನವು ಸುಳ್ಳಾಯಿತು. ಆಸರೆಯಿಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳೊಳಗೆ, ತಾನಾಗಿ ನಡೆಯುವುದು 8.2 ತಿಂಗಳಿಂದ 17.6 ತಿಂಗಳೊಳಗೆ. ಈ ನಡುವಣ ಅಂತರ ಎಷ್ಟು ವಿಶಾಲವಾಗಿದೆಯೆಂಬುದನ್ನು, ಪಕ್ಕದ ಮನೆಯ ಕೂಸು ನಡೆಯಿತು, ನಮ್ಮದಿನ್ನೂ ನಡೆಯಲಿಲ್ಲವೆಂದು ಕೊರಗುವ ಪ್ರತಿಯೊಬ್ಬ ತಾಯಿಗೂ ಯಾರಾದರೂ ಹತ್ತಿರ ಕುಳಿತು ಹೇಳಬೇಕು. ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲನ್ನೇ ಇಡದೆ ನಡೆದುವೆಂದೂ ಆ ಅಧ್ಯಯನದಲ್ಲಿದೆ. ಅಂಥ ಕೂಸೊಂದು ನಮ್ಮ ಮನೆಯಲ್ಲಿಯೂ ಇದ್ದಿತು. ಅದು ಗೋಡೆ ಹಿಡಿದು ನಿಂತುಕೊಂಡೇ ಹೊಸಿಲು ದಾಟಿದಾಗ, ತೆವಳಿ ದಾಟದ ಕೂಸಿಗೆ ಕಾಯಿ ಒಡೆಯಬಹುದೇ ಎಂದು ಹೆಂಗಸರಲ್ಲಿ ದೊಡ್ಡ ಜಿಜ್ಞಾಸೆ ನಡೆದು, ಅಜ್ಜಿ ಎರಡು ಕಾಯಿ ಒಡೆಸಿದಳು.

ಆ ಮನೆ ಈಗಿಲ್ಲ. ಕಳೆದ ಮಾಘದಲ್ಲಿ ನನ್ನ ಮೊಮ್ಮಗಳ ಮನೆಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಮೂರನೆಯ ಮಹಡಿಯ ಮನೆ; ಕೋಣೆಗಳ ನಡುವೆ ಹೊಸಿಲೆಂಬುದಿಲ್ಲ, ಬೆರಳ ದಪ್ಪದ ಕರಿಯ ಕಲ್ಲಿನ ಪಟ್ಟಿಯಿದೆ. ಒಂಬತ್ತು ತಿಂಗಳ ಅವಳ ಕೂಸು ಆ ಪಟ್ಟಿಯ ತನಕ ಬಂದು ನಿಂತಿತು, ಅಂದು ಬೆಳಗ್ಗೆ ಅದರ ಮೇಲೆ ಹಚ್ಚಿದ್ದ ಅರಿಸಿನವನ್ನು ಬೆರಳಿನಿಂದ ಮುಟ್ಟಿ ನೋಡಿತು, ಬೆರಳನ್ನು ಬಾಯಿಗೆ ಒಯ್ದಿತು, ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿತು. ಆಮೇಲೆ ಒಂದು ಮೊಣಕಾಲು, ಇನ್ನೊಂದು ಮೊಣಕಾಲು. ಮೊಮ್ಮಗಳು ಗೋಡೆಯ ಮೊಳೆಗೆ ಸಿಕ್ಕಿಸಿದ್ದ ತಾಯಿ ಕಾರ್ಡನ್ನು ತಂದಳು. ತೂಕದ ಗೆರೆಗೆ ಅದರಲ್ಲಿ ಜಾಗವಿದೆ, ಲಸಿಕೆಗಳಿಗೆ ಮನೆಗಳಿವೆ, ನಗುವುದಕ್ಕೂ ಕೂರುವುದಕ್ಕೂ ನಿಲ್ಲುವುದಕ್ಕೂ ಚಿತ್ರಗಳಿವೆ. ಅವಳು ಕೊನೆಯ ಪುಟದ ಅಂಚಿನ ಬಿಳಿ ಜಾಗದಲ್ಲಿ ಪೆನ್ಸಿಲಿನಿಂದ ತಾರೀಖನ್ನು ಬರೆದು, ಅದರ ಮುಂದೆ "ಹೊಸಿಲು ದಾಟಿತು" ಎಂದು ಬರೆದು, ಕಾಯಿ ಎಲ್ಲಿದೆ ತಾತ ಎಂದು ಕೇಳಿದಳು.